‘ಧೈರ್ಯವಾಗಿರಿ ಅಂತ ಮಾತ್ರ ಹೇಳಬೇಡಿ ಡಾಕ್ಟ್ರೇ’

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ | ಜೂನ್ 2021

ಈ ತಿಂಗಳು ಬಂದ ಪತ್ರ, ಮೇಲ್, ವಾಟ್ಸಾಪ್ ಎಲ್ಲ ಸೇರಿಸಿದರೆ ಮಾಮೂಲಿಗಿಂತ ತುಂಬಾ ಜಾಸ್ತಿ. ಅತ್ತೆ-ಸೊಸೆ ಜಗಳ, ಮದುವೆ ಚಿಂತೆ, ಪರೀಕ್ಷೆ ಭಯ ಅಂತ ಬರುತ್ತಿದ್ದ ಪ್ರಶ್ನೆಗಳೆಲ್ಲ ಎಲ್ಲೋ ಹೋದವು. ಈಗ ಎಲ್ಲದರಲ್ಲೂ ಕೊರೊನಾನೇ. ಜೂನ್ 14ರಿಂದ ಹಲವು ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲವಾಗಿದೆ, 11 ಜಿಲ್ಲೆಗಳಲ್ಲಿ ಇನ್ನೂ ಮುಂದುವರಿದಿದೆ. ಪತ್ರಗಳನ್ನು ಓದಿದರೆ ಮಾತ್ರ ಯಾರದು ಯಾವ ಜಿಲ್ಲೆ ಅಂತ ಗೊತ್ತೇ ಆಗುವುದಿಲ್ಲ, ಸಂಕಟ ಎಲ್ಲ ಕಡೆ ಒಂದೇ.

ದಾವಣಗೆರೆಯ ಓದುಗರೊಬ್ಬರು ಪತ್ರದ ಕೊನೆಗೆ ಹೀಗೆ ಬರೆದಿದ್ದಾರೆ: ‘ಧೈರ್ಯವಾಗಿರಿ ಅಂತ ಮಾತ್ರ ಹೇಳಬೇಡಿ ಡಾಕ್ಟ್ರೇ, ಕೇಳಿ ಕೇಳಿ ಸಾಕಾಗಿದೆ.’ ಹೇಳುವುದಿಲ್ಲಮ್ಮ. ಹೆದರಿದವರಿಗೆ ಬರೀ ಧೈರ್ಯ ಹೇಳುವುದು, ಹಸಿದವರ ಮುಂದೆ ಖಾಲಿ ಎಲೆ ಹಾಕಿ ಊಟ ಮಾಡಿ ಅಂದ ಹಾಗೆ. ಭಯ, ಸಿಟ್ಟು, ಅಳು ಇವೆಲ್ಲ ಇಂಥ ಹೊತ್ತಿನಲ್ಲಿ ಬರಲೇಬೇಕು, ಬರದಿದ್ದರೇ ಆಶ್ಚರ್ಯ. ಬಂದಾಗ ಏನು ಮಾಡಬೇಕು, ಎಲ್ಲಿಯವರೆಗೆ ಮನೆಯಲ್ಲೇ ನೋಡಿಕೊಳ್ಳಬಹುದು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು, ಅಷ್ಟನ್ನು ಹೇಳುತ್ತೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದ ದಿನದಿಂದ ನನಗೆ ನಿದ್ದೆ ಇಲ್ಲ. ನಮ್ಮ ಮನೆಯವರಿಗೆ ಪಾಸಿಟಿವ್ ಬಂದು ಮನೆಯಲ್ಲೇ ಇದ್ದರು, ಈಗ ಹುಷಾರಾಗಿದ್ದಾರೆ. ಆದರೂ ರಾತ್ರಿ ಎದ್ದೆದ್ದು ಅವರ ಬೆರಳಿಗೆ ಆಕ್ಸಿಮೀಟರ್ ಹಾಕುತ್ತೇನೆ. ನನ್ನ ಬೆರಳಿಗೂ ಹಾಕಿಕೊಳ್ಳುತ್ತೇನೆ. ಎದೆ ಡವಡವ ಅನ್ನುತ್ತದೆ, ಉಸಿರು ಸಿಕ್ಕಿಕೊಂಡ ಹಾಗಾಗುತ್ತದೆ. ಮನೆಯವರು ಬೈಯುತ್ತಾರೆ. (ಗೃಹಿಣಿ, ದಾವಣಗೆರೆ)

ಉತ್ತರ: ಮೇ 2ರ ರಾತ್ರಿಯ ಆ ಸುದ್ದಿ ಹೊರಬಿದ್ದ ಮೇಲೆ ಇಂಥ ಪತ್ರಗಳು ನನಗೆ ಬಹಳ ಬಂದಿವೆ. ಒಂದೇ ದಿನದಲ್ಲಿ 24 ಜನ. ಅದನ್ನು ನೋಡಿ ಹೆದರಿದ್ದು ನಿಮ್ಮ ತಪ್ಪಲ್ಲ. ಆದರೆ ಆ ಭಯ ಈಗ ನಿಮ್ಮ ಮನೆಯ ಆಕ್ಸಿಮೀಟರ್‌ಗೆ ಬಂದು ಕೂತಿದೆ.

ಮೊದಲು ಯಂತ್ರದ ವಿಷಯ ಹೇಳುತ್ತೇನೆ, ಅರ್ಧ ಭಯ ಅಲ್ಲೇ ಕಡಿಮೆಯಾದೀತು. ರಾತ್ರಿ ಎರಡು ಗಂಟೆಗೆ ಹೊದಿಕೆಯಿಂದಾಚೆ ಇದ್ದ ತಣ್ಣನೆಯ ಬೆರಳಿಗೆ ಹಾಕಿದರೆ ಅದು ಕಡಿಮೆ ತೋರಿಸಬಹುದು. ಉಗುರುಬಣ್ಣ, ಮೆಹಂದಿ ಇದ್ದರೂ ಅಷ್ಟೇ. ಹಾಕಿದ ತಕ್ಷಣ ಬರುವ ಅಂಕಿಯನ್ನು ನಂಬಬೇಡಿ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕೂತು, ಬೆರಳು ಅಲ್ಲಾಡಿಸದೆ ಅಂಕಿ ಒಂದು ಕಡೆ ನಿಲ್ಲುವವರೆಗೆ ಬಿಡಿ. ಕಾಯಿಲೆ ಇರುವ ದಿನಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. 94ಕ್ಕಿಂತ ಕಡಿಮೆ ಬಂದು, ಬೆಚ್ಚಗಿನ ಕೈಯಲ್ಲಿ ಮತ್ತೆ ನೋಡಿದರೂ ಹಾಗೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ, ತಡ ಮಾಡಬೇಡಿ. ಈ ಕಾಯಿಲೆಯಲ್ಲಿ ಕೆಲವರಿಗೆ ದಮ್ಮು ಬಾರದೆಯೇ ಆಕ್ಸಿಜನ್ ಇಳಿದಿರುತ್ತದೆ. ಹಾಗಾಗಿ ಆಗ ಅಂಕಿ ನೋಡುವುದು ಬೇಕೇ ಬೇಕು. ನಿಮ್ಮ ಮನೆಯವರು ಈಗ ಹುಷಾರಾಗಿದ್ದಾರೆ ಅಂತ ನೀವೇ ಬರೆದಿದ್ದೀರಿ, ಅವರ ಬೆರಳಿಗೆ ಇನ್ನು ರಜೆ ಕೊಡಬಹುದು.

ಇನ್ನು ನಿಮ್ಮ ಉಸಿರು. ಎದೆ ಡವಡವ, ಕೈ ಜುಮ್ಮೆನ್ನುವುದು, ಉಸಿರು ಸಾಲದ ಹಾಗೆ ಅನಿಸುವುದು, ಈಗಲೇ ಏನೋ ಆಗಿಬಿಡುತ್ತದೆ ಅನ್ನುವ ಗಾಬರಿ, ಆದರೆ ಆಕ್ಸಿಮೀಟರ್‌ನಲ್ಲಿ 98. ಹೀಗೆ ಜೋರಾಗಿ ಏರಿ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ತಾನೇ ಇಳಿಯುವುದಕ್ಕೆ ನಾವು ಪ್ಯಾನಿಕ್ ಅನ್ನುತ್ತೇವೆ. ಒಮ್ಮೆ ಡಾಕ್ಟರಿಗೆ ತೋರಿಸಿ ಹೃದಯದ್ದೋ ಥೈರಾಯ್ಡ್‌ದೋ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಬಂದಾಗ ನಾವು ಮಾಡುವ ಕೆಲಸ ಏನು ಅಂದರೆ ದೊಡ್ಡದಾಗಿ ಬಾಯಲ್ಲಿ ಉಸಿರು ಎಳೆಯುವುದು, ಅದರಿಂದ ಜುಮ್ಮೆನ್ನುವುದು ಇನ್ನೂ ಜಾಸ್ತಿಯಾಗುತ್ತದೆ. ಎಳೆಯುವುದರ ಕಡೆ ಗಮನ ಬೇಡ. ಬಿಡುವುದನ್ನು ನಿಧಾನ ಮಾಡಿ. ನಾಲ್ಕು ಎಣಿಸುತ್ತಾ ಮೂಗಿನಲ್ಲಿ ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಸಿ ಕಾಫಿ ಆರಿಸುವವರ ಥರ ತುಟಿ ಸಣ್ಣಗೆ ಮಾಡಿ ಬಿಡಿ. ಐದು ನಿಮಿಷ ಸಾಕು. ಗಾಬರಿ ಇಲ್ಲದ ಹೊತ್ತಿನಲ್ಲೂ ದಿನಾ ಎರಡು ಸಲ ಮಾಡಿ ರೂಢಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬೇಕಾದಾಗ ನೆನಪಿಗೇ ಬರುವುದಿಲ್ಲ.

ಮೂರನೆಯದು ಟಿ.ವಿ. ಮತ್ತು ಮೊಬೈಲ್. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ ಆಂಬುಲೆನ್ಸ್, ಅದೇ ಚಿತೆ, ಹಿಂದೆ ಆ ಢಣ್ ಢಣ್ ಸಂಗೀತ. (ಸುದ್ದಿಗೆ ಸಂಗೀತ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.) ದಿನಕ್ಕೆ ಒಂದು ಸಲ, ಇಪ್ಪತ್ತು ನಿಮಿಷ, ಸಂಜೆ ಆರರೊಳಗೆ ನೋಡಿ. ಬೆಡ್ ಬೇಕು, ಪ್ಲಾಸ್ಮಾ ಬೇಕು, ಫಾರ್ವರ್ಡ್ ಮಾಡಿ ಅನ್ನುವ ಗ್ರೂಪುಗಳನ್ನು ಮ್ಯೂಟ್ ಮಾಡಿ. ಅದರಲ್ಲಿ ಎಷ್ಟೋ ಸಂದೇಶ ಹಳೆಯವು, ನೀವು ಓದುವ ಹೊತ್ತಿಗೆ ಆ ನಂಬರಿನವರು ಫೋನ್ ಎತ್ತುವುದನ್ನೇ ಬಿಟ್ಟಿರುತ್ತಾರೆ.

ಚಿಂತೆ ಮಾಡಬೇಡಿ ಅಂದರೆ ಚಿಂತೆ ನಿಲ್ಲುವುದಿಲ್ಲ. ಅದಕ್ಕೇ ಒಂದು ಹೊತ್ತು ಗೊತ್ತು ಮಾಡಿ. ಸಂಜೆ ಐದಕ್ಕೆ ಒಂದು ನೋಟ್‌ಬುಕ್ ಹಿಡಿದು ಕೂತು, ತಲೆಯಲ್ಲಿ ಓಡುವುದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ, ಇದಕ್ಕೆ ನಾಳೆ ನಾನು ಮಾಡಬಹುದಾದ್ದು ಏನಾದರೂ ಇದೆಯಾ ಅಂತ ಬರೆಯಿರಿ. ಇದ್ದರೆ ಮಾಡಿ. ಇಲ್ಲದಿದ್ದರೆ ಆ ಸಾಲಿಗೆ ಒಂದು ಗೆರೆ ಎಳೆಯಿರಿ. ರಾತ್ರಿ ಎರಡು ಗಂಟೆಗೆ ಅದೇ ಚಿಂತೆ ಎದ್ದರೆ ನಾಳೆ ಐದಕ್ಕೆ ಬಾ ಅಂತ ಹೇಳಿ ಕಳಿಸಿ. ಮೊದಲ ನಾಲ್ಕೈದು ದಿನ ಇದು ಹುಚ್ಚುಹುಚ್ಚು ಅನಿಸುತ್ತದೆ. ಆಮೇಲೆ ಕೆಲಸ ಮಾಡುತ್ತದೆ.

ದಿನಕ್ಕೆ ಮೂರು ಸಲ ಕಷಾಯ ಮಾಡುತ್ತೇನೆ ಅಂತಲೂ ಬರೆದಿದ್ದೀರಿ. ಕೈಗೆ ಕೆಲಸ ಸಿಕ್ಕಿದರೆ ಮನಸ್ಸಿಗೆ ಸಮಾಧಾನ ಅನ್ನುವುದು ಗೊತ್ತು. ಆದರೆ ಅಷ್ಟು ಮೆಣಸು, ಶುಂಠಿ ಕುಡಿದು ಹೊಟ್ಟೆ ಉರಿ ಅಂತ ಬಂದವರನ್ನು ಈ ವರ್ಷ ಸಾಕಷ್ಟು ನೋಡಿದ್ದೇನೆ. ಒಂದು ಹೊತ್ತು ಸಾಕು.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಊರಿಂದಲೇ ಮಾಡುತ್ತಿದ್ದೇನೆ. ಅಪ್ಪನಿಗೆ 68. ಮಾರ್ಚಿನಲ್ಲಿ ಒಂದು ಡೋಸ್ ಆಗಿದೆ ಅಂತ ದಿನಾ ಬೆಳಿಗ್ಗೆ ಪೇಟೆಗೆ ಹೋಗುತ್ತಾರೆ, ಮಾಸ್ಕ್ ಗಲ್ಲದ ಮೇಲೆ. ಹೇಳಿದರೆ ಜಗಳ. ನಿನ್ನೆ ನಾನು ಕೂಗಾಡಿ ತಟ್ಟೆ ಎಸೆದೆ. ಆಮೇಲೆ ನನ್ನ ಮೇಲೇ ಅಸಹ್ಯ ಅನಿಸಿತು. (ಸಾಗರ ತಾಲ್ಲೂಕು)

ಉತ್ತರ: ಆ ಸಿಟ್ಟಿನ ಒಳಗೆ ಇರುವುದು ಭಯ. ಅಪ್ಪನಿಗೆ ಏನಾದರೂ ಆದರೆ ಅನ್ನುವ ಭಯ. ಆದರೆ ಅಪ್ಪನಿಗೆ ಕಾಣಿಸಿದ್ದು ತಟ್ಟೆ ಎಸೆಯುವ ಮಗ ಮಾತ್ರ. ಭಯವನ್ನೇ ಬಾಯಿಬಿಟ್ಟು ಹೇಳಿ. ‘ಅಪ್ಪ, ನೀವು ಹೊರಗೆ ಹೋದಾಗಲೆಲ್ಲ ನನಗೆ ಕೆಲಸದ ಮೇಲೆ ಗಮನ ನಿಲ್ಲಲ್ಲ, ಹೆದರಿಕೆ ಆಗುತ್ತೆ.’ ನಮ್ಮ ಮನೆಗಳಲ್ಲಿ ಮಗ ಅಪ್ಪನಿಗೆ ಹೀಗೆ ಹೇಳುವ ರೂಢಿ ಇಲ್ಲ, ನಾಲಿಗೆ ತೊಡರುತ್ತದೆ. ತೊಡರಲಿ.

ನಿಮ್ಮ ಅಪ್ಪನ ಹಟಕ್ಕೂ ಕಾರಣ ಇದೆ. ಇಷ್ಟು ವರ್ಷ ಮನೆ ನಡೆಸಿದವರಿಗೆ ಈಗ ಮಗ ಬಂದು ಬಾಗಿಲಲ್ಲಿ ಕಾವಲು ನಿಂತಿದ್ದಾನೆ. ಬೇಡ ಅನ್ನುವ ಬದಲು ಅವರಿಗೇ ಒಂದು ಯಜಮಾನಿಕೆ ಬಿಟ್ಟುಕೊಡಿ. ವಾರಕ್ಕೆ ಎರಡು ಸಲ, ಜನ ಸೇರುವ ಮೊದಲು ಆರೂವರೆಗೆ, ಮೂಗು ಮುಚ್ಚಿದ ಮಾಸ್ಕ್ ಹಾಕಿಕೊಂಡು ಸಾಮಾನು ಅವರೇ ತರಲಿ. ಮಿಕ್ಕ ದಿನ ತೋಟ ಇದೆಯಲ್ಲ, ಅಲ್ಲಿ ಎಷ್ಟು ಹೊತ್ತಾದರೂ ಇರಲಿ. ಒಂದು ಡೋಸ್ ಸಾಲದು ಅನ್ನುವುದನ್ನೂ ಹೇಳಿ. ಮೇ 13ರಿಂದ ಕೋವಿಶೀಲ್ಡ್‌ನ ಎರಡನೇ ಡೋಸಿಗೆ 12ರಿಂದ 16 ವಾರದ ಅಂತರ ಮಾಡಿದ್ದಾರೆ, ಮಾರ್ಚಿನಲ್ಲಿ ಹಾಕಿಸಿಕೊಂಡವರ ಸರದಿ ಈಗ ಬಂದಿದೆ. ನೀವೇ ಕರೆದುಕೊಂಡು ಹೋಗಿ.

ಇನ್ನೊಂದು ದಾರಿ. ಅವರ ಅಜ್ಜ-ಅಜ್ಜಿ ಪ್ಲೇಗಿನ ಕಥೆ ಹೇಳಿರಬಹುದು, ಕೇಳಿ ನೋಡಿ. ಇಲಿ ಬಿತ್ತು ಅಂದರೆ ಇಡೀ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂದು, ಆಮೇಲೆಯೇ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದದ್ದು. ದೂರ ಇರುವುದು ಹೇಡಿತನ ಅಂತ ಆ ಹಿರಿಯರು ತಿಳಿದಿರಲಿಲ್ಲ. ನಿಮ್ಮ ಮಾತಿಗಿಂತ ಅಜ್ಜನ ಮಾತಿಗೆ ಅಪ್ಪ ತಲೆದೂಗುವ ಸಾಧ್ಯತೆ ಜಾಸ್ತಿ.

ಸಿಟ್ಟು ಏರುವಾಗ ದವಡೆ ಬಿಗಿಯುವುದು ಗೊತ್ತಾಗುತ್ತದೆ. ಆ ಕ್ಷಣ ಎದ್ದು ಹೋಗಿ ಬಾವಿಕಟ್ಟೆಗೋ ಕೊಟ್ಟಿಗೆಗೋ. ‘ಹತ್ತು ನಿಮಿಷ ಬಿಟ್ಟು ಬರ್ತೀನಿ’ ಅಂತ ಹೇಳಿ ಹೋಗಿ, ಸುಮ್ನೆ ಎದ್ದು ಹೋದರೆ ಅದು ಇನ್ನೊಂದು ಜಗಳ. ತಟ್ಟೆಯ ವಿಷಯಕ್ಕೆ ಒಮ್ಮೆ ಕ್ಷಮೆ ಕೇಳಿಬಿಡಿ, ಉದ್ದ ವಿವರಣೆ ಬೇಡ.

ಪ್ರಶ್ನೆ: ಅಮ್ಮ ಮೇ ತಿಂಗಳಲ್ಲಿ ಹೋದರು. ಬೆಡ್ಡಿಗಾಗಿ ಇಡೀ ರಾತ್ರಿ ಫೋನ್ ಮಾಡಿದೆ, ಕೊನೆಗೆ ಸಿಕ್ಕಿದ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ಸೇರಿಸಬಾರದಿತ್ತು ಅಂತ ಈಗ ಅನಿಸುತ್ತದೆ. ನನಗೂ ಪಾಸಿಟಿವ್ ಇತ್ತು, ಮುಖ ನೋಡಲಿಲ್ಲ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಟ್ಟರಂತೆ, ಭಾವ ಒಬ್ಬರೇ ಹೋಗಿ ಮುಗಿಸಿದರು. ಹಾಲು-ತುಪ್ಪ ಇಲ್ಲ, ಹನ್ನೊಂದನೇ ದಿನ ಊರಿನವರು ಯಾರೂ ಬರಲಿಲ್ಲ. ನನಗೆ ಅಳುವೂ ಬರುತ್ತಿಲ್ಲ. ಅವರ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ. (ಮದ್ದೂರು, ಈಗ ಬೆಂಗಳೂರು)

ಉತ್ತರ: ನಿಮ್ಮ ಪತ್ರಕ್ಕೆ ತಕ್ಷಣ ಉತ್ತರ ಬರೆಯಲು ಕೂತು, ಆಗದೆ ಎದ್ದುಹೋದೆ.

ಒಬ್ಬರು ಸತ್ತರೆ ನಮ್ಮಲ್ಲಿ ಏನೇನು ಮಾಡುತ್ತಾರೆ ನೋಡಿ. ಊರೆಲ್ಲ ಸೇರುತ್ತದೆ. ಯಾರೋ ಮನೆಗೆ ಅನ್ನ ತರುತ್ತಾರೆ, ಹೆಂಗಸರು ಹಾಡಿಕೊಂಡು ಅಳುತ್ತಾರೆ, ಮೂರನೇ ದಿನ ಮಣ್ಣು ಮಾಡಿದ ಗುಡ್ಡೆಗೆ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ, ಬಂದವರೆಲ್ಲ ಸತ್ತವರ ಒಂದೊಂದು ಕಥೆ ಹೇಳುತ್ತಾರೆ. ಇವೆಲ್ಲ ಶಾಸ್ತ್ರ ಅಂತ ಅಂದುಕೊಂಡಿದ್ದೆವು. ಬದುಕಿರುವವರು ಆಗಿದ್ದನ್ನು ಒಪ್ಪಿಕೊಳ್ಳುವುದಕ್ಕೆ ಇದ್ದ ವ್ಯವಸ್ಥೆಯೂ ಇದೇ. ನಿಮಗೆ ಅದ್ಯಾವುದೂ ಸಿಗಲಿಲ್ಲ. ಕಣ್ಣು ನೋಡಲಿಲ್ಲ, ಹಾಗಾಗಿ ಮನಸ್ಸು ಒಪ್ಪುತ್ತಿಲ್ಲ. ಅಳು ಬರದಿರುವುದು ನಿಮ್ಮ ಕಲ್ಲುಮನಸ್ಸಿನಿಂದ ಅಲ್ಲ. ಕೆಲವರಿಗೆ ತಿಂಗಳುಗಳ ಮೇಲೆ, ಯಾವುದೋ ಸಾರಿನ ವಾಸನೆಗೆ ಅಳು ಬರುತ್ತದೆ.

ತಪ್ಪಿಹೋದದ್ದನ್ನು ಈಗಲೂ ಮಾಡಬಹುದು. ಗುಡ್ಡೆ ಎಲ್ಲಿದೆಯೋ ಅಲ್ಲಿಗೆ ಲಾಕ್‌ಡೌನ್ ಮುಗಿದ ಮೇಲೆ ನೀವೂ ಭಾವನೂ ಹೋಗಿ ಹಾಲು-ತುಪ್ಪ ಬಿಟ್ಟು ಬನ್ನಿ, ದಿನ ಮೀರಿತು ಅಂತ ಯಾರೂ ಬೇಡ ಅನ್ನುವುದಿಲ್ಲ. ದಹನ ಆಗಿದ್ದು ಅಸ್ಥಿ ಇಟ್ಟಿದ್ದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ನೀವೇ ತೆಗೆದುಕೊಂಡು ಹೋಗಿ. ಅದೂ ಸಿಗದ ಮನೆಗಳು ಎಷ್ಟೋ ಇವೆ. ಇದೇ ಜೂನ್ 2ರಂದು, ಯಾರೂ ಬಂದು ಒಯ್ಯದ ನೂರಾರು ಜನರ ಚಿತಾಭಸ್ಮವನ್ನು ನಿಮ್ಮ ಜಿಲ್ಲೆಯ ಬೆಳಕವಾಡಿಯಲ್ಲಿ ಸರ್ಕಾರವೇ ಕಾವೇರಿಗೆ ಬಿಟ್ಟಿತು, ಕಂದಾಯ ಸಚಿವರೇ ಮುಂದೆ ನಿಂತು ಮಾಡಿದರು. ಒಯ್ಯದವರೆಲ್ಲ ಪ್ರೀತಿ ಇಲ್ಲದವರು ಅಂತ ನನಗೆ ಅನಿಸುವುದಿಲ್ಲ. ಎಷ್ಟೋ ಜನ ತಾವೇ ಹಾಸಿಗೆಯಲ್ಲಿದ್ದರು. ಅಕ್ಟೋಬರಿನಲ್ಲಿ ಮಹಾಲಯ ಅಮಾವಾಸ್ಯೆ ಬರುತ್ತದೆ. ಆ ಹೊತ್ತಿಗೆ ಜನ ಸೇರಲು ಬಿಟ್ಟರೆ ಹತ್ತಿರದವರನ್ನು ಕರೆದು, ಅಮ್ಮನಿಗಿಷ್ಟವಾದದ್ದನ್ನೇ ಮಾಡಿ ಎಡೆ ಇಡಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಈ ಭಾನುವಾರ ಅಮ್ಮನ ಅಕ್ಕ-ತಂಗಿಯರಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ, ‘ಅಮ್ಮನದೊಂದು ವಿಷಯ ಹೇಳಿ’ ಅಂತ ಕೇಳಿ. ನಿಮಗೆ ಗೊತ್ತಿಲ್ಲದ ಅಮ್ಮ ಒಬ್ಬರು ಸಿಗುತ್ತಾರೆ.

ಈಗ ಆ ಆಸ್ಪತ್ರೆಯ ಪ್ರಶ್ನೆ. ಒಂದು ಹಾಳೆ ತೆಗೆದುಕೊಳ್ಳಿ. ಆ ರಾತ್ರಿ ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡಿದಿರಿ, 108ರವರು ಏನಂದರು, ಬೆಡ್ ಹಂಚುತ್ತಿದ್ದ 1912ಕ್ಕೆ ಎಷ್ಟು ಸಲ ಮಾಡಿದಿರಿ, ಯಾವ ಆಸ್ಪತ್ರೆ ಇಲ್ಲ ಅಂದಿತು, ಎಲ್ಲವನ್ನೂ ಗಂಟೆವಾರು ಬರೆಯಿರಿ. ಕಾಲ್ ಲಿಸ್ಟ್ ಫೋನಿನಲ್ಲಿ ಇನ್ನೂ ಇದ್ದರೆ ಅದನ್ನೇ ನೋಡಿಕೊಂಡು ಬರೆಯಿರಿ. ಒಂದೇ ನಿಯಮ: ಆ ಹೊತ್ತಿನಲ್ಲಿ ನಿಮಗೆ ಗೊತ್ತಿದ್ದದ್ದನ್ನು ಮಾತ್ರ ಬರೆಯಬೇಕು, ಆಮೇಲೆ ಗೊತ್ತಾದದ್ದು ಅದರಲ್ಲಿ ಬರಕೂಡದು. ಇಷ್ಟು ಬರೆದು ನಿಮ್ಮನ್ನು ತುಂಬಾ ಇಷ್ಟಪಡುವ ಒಬ್ಬರ ಎದುರು ಓದಿ. ಸಿಕ್ಕಿದ್ದು ಒಂದೇ ಬೆಡ್ಡು, ಅಲ್ವಾ? ಆಯ್ಕೆಯೇ ಇಲ್ಲದ ಕಡೆ ತಪ್ಪು ಆಯ್ಕೆ ಎಲ್ಲಿಂದ ಬರುತ್ತದೆ. ಸಿಟ್ಟು ಬರಬೇಕಾದ್ದು ಆ ರಾತ್ರಿ ಬೆಡ್ಡು ಕೊಡಲಾಗದ ವ್ಯವಸ್ಥೆಯ ಮೇಲೆ. ಅದು ತಿರುಗಿ ನಿಮ್ಮ ಮೇಲೆ ಬಿದ್ದಿದೆ.

ಚಪ್ಪಲಿ ಇರಲಿ ಬಿಡಿ. ಯಾರಾದರೂ ತೆಗೆದಿಡು ಅಂದರೆ ಅವರ ಮಾತು ಕೇಳಬೇಕಾಗಿಲ್ಲ. ಆದರೆ ಅಮ್ಮನ ಹಿಂದೆಯೇ ಹೋಗಿಬಿಡೋಣ ಅನ್ನುವ ಯೋಚನೆ ಬಂದರೆ ಅದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ, ಆ ಹೊತ್ತಿಗೇ ಮನೆಯವರಿಗೆ ಹೇಳಿ, ನಿಮ್ಹಾನ್ಸ್‌ನ ಸಹಾಯವಾಣಿ 080-46110007ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಊಟ, ನಿದ್ದೆ, ಕೆಲಸ ಯಾವುದೂ ಆಗದೆ ವಾರಗಟ್ಟಲೆ ಹಾಗೇ ಕೂತಿದ್ದರೂ ಕರೆ ಮಾಡಬಹುದು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋದರೆ ‘ನೀನೇ ಕೊರೊನಾ ತರ್ತಿ’ ಅಂತ ಬಾಗಿಲು ಹಾಕ್ತಾರ. ಮನೆಗೆ ಬಂದರ ಅತ್ತಿ ದೂರ ಕೂಡಸ್ತಾರ. ನಮ್ಮನ್ನ ಕೇಳೋರು ಯಾರೂ ಇಲ್ರಿ. ಈಗೀಗ ಯಾರಾದರೂ ಸತ್ತರು ಅಂದರೂ ಏನೂ ಅನಸೂದಿಲ್ಲ. (ಕೊಪ್ಪಳ ಜಿಲ್ಲೆ)

ಉತ್ತರ: ಅಕ್ಕಾ, ಏನೂ ಅನಿಸದಿರುವುದು ಮನಸ್ಸು ಸುಸ್ತಾಗಿರುವುದರ ಗುರುತು. ವರ್ಷದಿಂದ ದಿನಾ ಅದನ್ನೇ ನೋಡಿದರೆ ಮನಸ್ಸು ತಾನೇ ಒಂದು ಪರದೆ ಎಳೆದುಕೊಳ್ಳುತ್ತದೆ. ಡಾಕ್ಟರುಗಳಿಗೂ ಇದು ಆಗಿದೆ.

ನಿಮಗೆ ಧ್ಯಾನ ಮಾಡಿ, ಯೋಗ ಮಾಡಿ ಅಂತ ಹೇಳಲು ನನಗೆ ನಾಚಿಕೆ. ಕಳೆದ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ನೀವೆಲ್ಲ ಕೆಲಸ ನಿಲ್ಲಿಸಿ ಬೀದಿಗೆ ಬಂದಿದ್ದಿರಿ. ದುಡಿಮೆಗೆ ತಕ್ಕ ಹಣ ಇಲ್ಲದಿರುವುದು ಮನಸ್ಸಿನ ಸಮಸ್ಯೆಯೇ ಅಲ್ಲ, ಅದಕ್ಕೆ ನನ್ನಲ್ಲಿ ಮಾತ್ರೆ ಇಲ್ಲ. ಆ ಸಿಟ್ಟು ನ್ಯಾಯದ್ದು, ಸಂಘದಲ್ಲಿ ಒಟ್ಟಿಗೆ ಹೇಳಿ. ಒಬ್ಬರೇ ನುಂಗಿದರೆ ತಲೆನೋವು, ಎದೆಉರಿ ಆಗಿ ಹೊರಗೆ ಬರುತ್ತದೆ.

ದಿನದ ಮಟ್ಟಿಗೆ ಒಂದೆರಡು ಕೆಲಸ. ನಿಮ್ಮ ಪಕ್ಕದ ಹಳ್ಳಿಯ ಆಶಾ ಇದ್ದಾರಲ್ಲ, ದಿನಾ ಸಂಜೆ ಅವರಿಗೆ ಹತ್ತು ನಿಮಿಷ ಫೋನ್ ಮಾಡಿ, ಇವತ್ತು ಯಾರು ಏನಂದರು ಅಂತ ಇಬ್ಬರೂ ಹೇಳಿಕೊಳ್ಳಿ. ಬೈದವರ ಮಾತನ್ನು ಅವರ ಥರವೇ ಅಣಕಿಸಿ ನಕ್ಕರೂ ಪರವಾಗಿಲ್ಲ, ಅದು ಪಾಪ ಅಲ್ಲ. ಬಾಗಿಲು ಹಾಕಿದ ಮನೆಯ ಮುಂದೆ ವಾದ ಮಾಡಬೇಡಿ, ಪಿಡಿಒಗೆ, ಮೇಲ್ವಿಚಾರಕಿಗೆ ಬರೆದು ಕೊಟ್ಟು ಮುಂದೆ ಹೋಗಿ. ಮನೆಗೆ ಬಂದ ಮೇಲೆ ಸ್ನಾನ ಮಾಡಿ ಸೀರೆ ಬದಲಾಯಿಸಿದ ನಂತರ ಆ ದಿನದ ಫೋನು ಬಂದ್. ಅತ್ತೆ ದೂರ ಕೂರಿಸುವುದು ನೋವು ಕೊಡುತ್ತದೆ, ಆದರೆ ಅವರ ವಯಸ್ಸಿಗೆ ಅದು ಭಯವೂ ಹೌದು. ಅವರಿಗೆ ಲಸಿಕೆ ಆಗಿದೆಯಾ? ಊರಿಗೆಲ್ಲ ಹಾಕಿಸುವ ನೀವೇ ಜೊತೆಗೆ ಹೋಗಿ ಹಾಕಿಸಿ ತನ್ನಿ.

ಪ್ರಶ್ನೆ: ನಮ್ಮ ಯಜಮಾನರು ದಿನಾ ಕುಡಿಯುತ್ತಾರೆ. ಹೋದ ವರ್ಷ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಮೂರನೇ ದಿನ ಕೈ ನಡುಗಿ ಫಿಟ್ಸ್ ಬಂದಿತ್ತು. ಈಗ ದುಡ್ಡಿಲ್ಲ, ‘ನಾಳೆಯಿಂದ ಬಿಟ್ಟೆ’ ಅನ್ನುತ್ತಿದ್ದಾರೆ. ಸಂತೋಷ ಪಡಬೇಕೋ ಹೆದರಬೇಕೋ? (ಚಿತ್ರದುರ್ಗ)

ಉತ್ತರ: ಎರಡೂ. ಬಿಡುವ ಮನಸ್ಸು ಬಂದಿರುವುದು ಒಳ್ಳೆಯದು. ಆದರೆ ಅವರು ಮನೆಯಲ್ಲಿ ಒಮ್ಮೆಲೇ ಬಿಡಬಾರದು. ದಿನಾ ತುಂಬಾ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗಿ, ಎರಡು-ಮೂರು ದಿನದೊಳಗೆ ಫಿಟ್ಸ್, ಇಲ್ಲದ್ದು ಕಾಣುವುದು, ಜಾಗ-ಜನ ಗುರುತು ಸಿಗದಿರುವುದು ಎಲ್ಲ ಆಗಬಹುದು. ಪ್ರಾಣಕ್ಕೂ ಅಪಾಯ. ಒಮ್ಮೆ ಫಿಟ್ಸ್ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಬಿಡುವ ಮೊದಲೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ, ವಾರ-ಹತ್ತು ದಿನದ ಮಾತ್ರೆ ಮತ್ತು ವಿಟಮಿನ್ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ. 104ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಫಿಟ್ಸ್ ಬಂದರೆ, ಮಾತು ತೊದಲಿದರೆ ಕೈಗೆ ಕಬ್ಬಿಣ ಕೊಡುತ್ತಾ ಕೂರಬೇಡಿ, 108 ಕರೆಯಿರಿ.

ಪ್ರಶ್ನೆ: ಎರಡನೇ ಪಿಯುಸಿ ಪರೀಕ್ಷೆ ರದ್ದಾಯಿತು. ಎಲ್ಲರೂ ಖುಷಿಯಾಗಿದ್ದಾರೆ, ನನಗೆ ಮಾತ್ರ ಖಾಲಿ ಖಾಲಿ. ಬೆಳಗಿನ ಜಾವ ನಾಲ್ಕರವರೆಗೆ ಮೊಬೈಲ್, ಮಧ್ಯಾಹ್ನ ಏಳುತ್ತೇನೆ. (ವಿದ್ಯಾರ್ಥಿನಿ, ತುಮಕೂರು)

ಉತ್ತರ: ವರ್ಷವಿಡೀ ಓದಿದ್ದಕ್ಕೆ ಜೂನ್ 4ರಂದು ಒಂದು ಪ್ರೆಸ್ ಮೀಟಿನಲ್ಲಿ ಬೇಡ ಅಂದುಬಿಟ್ಟರು, ಖಾಲಿ ಅನಿಸದೆ ಇನ್ನೇನು ಪುಟ್ಟಿ. ಎರಡು ದಿನ ಬೇಜಾರು ಮಾಡಿಕೋ, ತಪ್ಪಿಲ್ಲ. ಆಮೇಲೆ ಮಲಗುವ ಹೊತ್ತಿನ ಗೊಡವೆಗೆ ಹೋಗದೆ ಏಳುವ ಹೊತ್ತನ್ನು ಹಿಡಿದುಕೋ. ಎಷ್ಟೇ ತಡವಾಗಿ ಮಲಗಿದರೂ ಏಳೂವರೆಗೆ ಎದ್ದು ಮಹಡಿ ಮೇಲೆ ಬಿಸಿಲಿನಲ್ಲಿ ಕಾಲು ಗಂಟೆ ನಿಲ್ಲು, ಮಧ್ಯಾಹ್ನ ನಿದ್ದೆ ಬೇಡ. ವಾರದಲ್ಲಿ ರಾತ್ರಿ ನಿದ್ದೆ ತಾನೇ ಹಿಂದಕ್ಕೆ ಬರುತ್ತದೆ. ಮೊಬೈಲ್ ಚಾರ್ಜರ್ ಅಡುಗೆಮನೆಯಲ್ಲಿರಲಿ. ಆಗಸ್ಟ್ 28ರಿಂದ ಸಿಇಟಿ ಇದೆ, ಬರೆಯುವುದಾದರೆ ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡು, ಒಬ್ಬ ಗೆಳತಿಯ ಜೊತೆ ಫೋನ್ ಆನ್ ಇಟ್ಟುಕೊಂಡು ಓದು. ಎರಡು ವಾರ ಕಳೆದರೂ ಯಾವುದೂ ಬೇಡ ಅನಿಸಿದರೆ ಅಮ್ಮನಿಗೆ ಹೇಳು. ಬದುಕು ಬೇಡ ಅನ್ನುವುದು ಬಂದರಂತೂ ಎರಡು ವಾರ ಕಾಯಬೇಡ, ಆವತ್ತೇ ಹೇಳು.

ಪ್ರಶ್ನೆ: ಆಸ್ಪತ್ರೆಯಿಂದ ಬಂದು ಮೂರು ವಾರವಾಯಿತು. ಆಕ್ಸಿಜನ್ ಸರಿ ಇದೆ. ಆದರೆ ಸಣ್ಣಸಣ್ಣದಕ್ಕೂ ಕಣ್ಣೀರು, ಸಿಡುಕು, ಮೆಟ್ಟಿಲು ಹತ್ತಿದರೆ ಸುಸ್ತು. ಗಂಡಸಾಗಿ ಹೀಗೆ ಅಳುವುದು ಅಂತ ನಾಚಿಕೆಯಾಗುತ್ತದೆ. (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೇಷ್ಟ್ರೇ, ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಡೆಕ್ಸಾಮೆಥಾಸೋನ್ ಅಥವಾ ಮಿಥೈಲ್‌ಪ್ರೆಡ್ನಿಸೊಲೋನ್ ಅಂತ ಇದ್ದರೆ ನಿಮಗೆ ಸ್ಟೀರಾಯ್ಡ್ ಕೊಟ್ಟಿದ್ದಾರೆ. ಅದು ಜೀವ ಉಳಿಸುವ ಔಷಧ, ಆದರೆ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಏರಿಸಿ ಇಳಿಸುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಸಕ್ಕರೆ ಪರೀಕ್ಷೆ ಮಾಡಿಸಿ. ಇನ್ನೂ ಮಾತ್ರೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಸುಸ್ತು ಕಾಯಿಲೆಯದ್ದೇ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಹುಮ್ಮಸ್ಸು ಬಂದ ದಿನ ಎಲ್ಲ ಕೆಲಸ ಮಾಡಿ ಮರುದಿನ ಮಲಗುವ ಬದಲು ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ. ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರು ಹೋದದ್ದನ್ನು ನೋಡಿದೆ ಅಂತ ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅಳು ಅಲ್ಲಿಂದಲೂ ಬರುತ್ತಿರಬಹುದು. ಮನೆಯಲ್ಲಿ ಯಾರಿಗೂ ಅದನ್ನು ಹೇಳಿಲ್ಲ ಅನಿಸುತ್ತದೆ. ಹೆಂಡತಿಯ ಹತ್ತಿರ ಹೇಳಿ. ಅದೇ ದೃಶ್ಯ ಕನಸಿನಲ್ಲಿ ಬಂದು ಎಬ್ಬಿಸುತ್ತಿದ್ದರೆ ಮನೋವೈದ್ಯರಿಗೆ ತೋರಿಸಿ, ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ನಾನು ದುಬೈನಲ್ಲಿ, ಅಪ್ಪ-ಅಮ್ಮ ಉಡುಪಿಯಲ್ಲಿ ಇಬ್ಬರೇ. ಏಪ್ರಿಲ್ ಕೊನೆಯಿಂದ ಭಾರತದಿಂದ ಇಲ್ಲಿಗೆ ಪ್ರವೇಶ ನಿಲ್ಲಿಸಿದ್ದಾರೆ. ಊರಿಗೆ ಬಂದರೆ ವಾಪಸ್ ಬರಲಾಗದೆ ಕೆಲಸ ಹೋಗುತ್ತದೆ, ಬರದಿದ್ದರೆ ಮಗನೇ ಅಲ್ಲ ಅನಿಸುತ್ತದೆ. ದಿನಕ್ಕೆ ಐದಾರು ಸಲ ಫೋನ್ ಮಾಡುತ್ತೇನೆ.

ಉತ್ತರ: ಐದಾರು ಸಲ ಫೋನ್ ಬಂದರೆ ಅವರಿಗೂ ಗಾಬರಿ. ಹೊತ್ತು ಗೊತ್ತು ಮಾಡಿ ಒಂದು ಸಲ ಮಾಡಿ, ಜ್ವರ ಇದೆಯಾ ಅಂತ ಶುರು ಮಾಡಬೇಡಿ, ಇವತ್ತು ಮೀನು ಸಿಕ್ಕಿತಾ ಅಂತ ಕೇಳಿ. ನಿಮ್ಮ ಚಿಂತೆಗೆ ಕೆಲಸ ಕೊಡಬೇಕಾದ್ದು ಬೇರೆ ಕಡೆ. ರಾತ್ರಿ ಹನ್ನೆರಡಕ್ಕೆ ಕರೆದರೂ ಮನೆಗೆ ಹೋಗುವ ಒಬ್ಬರು ಯಾರು, ಕಾರು ಯಾರದು, ಯಾವ ಆಸ್ಪತ್ರೆ, ಅಮ್ಮನ ಮಾತ್ರೆಗಳ ಪಟ್ಟಿ ಎಲ್ಲಿದೆ. ಇಷ್ಟನ್ನೂ ಈ ವಾರ ಫೋನಿನಲ್ಲೇ ಗೊತ್ತು ಮಾಡಿ ಫ್ರಿಜ್ ಮೇಲೆ ಅಂಟಿಸಲು ಹೇಳಿ. ಪಕ್ಕದ ಮನೆಯ ಹುಡುಗನಿಗೆ ನೀವೇ ಒಮ್ಮೆ ಫೋನ್ ಮಾಡಿ ಮಾತಾಡಿ. ಇದಾದ ಮೇಲೂ ಬೇಸರ ಇರುತ್ತದೆ, ಇರಲಿ. ನಿಮ್ಮ ಸಂಬಳದಲ್ಲೇ ಆ ಮನೆ ನಡೆಯುತ್ತಿದೆ ಅಂತ ನೀವೇ ಬರೆದಿದ್ದೀರಲ್ಲ.

ಪ್ರಶ್ನೆ: ಮಗಳಿಗೆ ಗಂಡು ಮಗು ಆಗಿದೆ, ನಮ್ಮನೆಯ ಮೊದಲ ಮೊಮ್ಮಗು. ಪಕ್ಕದ ಮನೆಯ ಯಜಮಾನರು ಹೋಗಿ ಇನ್ನೂ ತಿಂಗಳಾಗಿಲ್ಲ. ನಾಮಕರಣ ಮಾಡಲು ಮನಸ್ಸು ಬರುತ್ತಿಲ್ಲ. ಮಗುವನ್ನು ಎತ್ತಿಕೊಂಡು ನಕ್ಕರೂ ತಪ್ಪು ಮಾಡಿದ ಹಾಗೆ. (ಹಾಸನ)

ಉತ್ತರ: ನಗಿ ಅಮ್ಮ, ಬಾಣಂತಿಯ ಮುಂದೆಯಂತೂ ನಗಲೇಬೇಕು. ಅಜ್ಜಿ ಮುಖ ಸಪ್ಪಗೆ ಮಾಡಿಕೊಂಡು ಕೂತರೆ ಅದು ಮಗಳಿಗೆ ತಟ್ಟುತ್ತದೆ. ಹೆರಿಗೆಯಾದ ಹೊಸದರಲ್ಲಿ ಮನಸ್ಸು ಮೊದಲೇ ಸೂಕ್ಷ್ಮ, ಅವಳು ಸರಿಯಾಗಿ ಮಲಗುತ್ತಿದ್ದಾಳಾ, ಸುಮ್ಮಸುಮ್ಮನೆ ಅಳುತ್ತಿದ್ದಾಳಾ ಅಂತ ಗಮನಿಸಿ, ಎರಡು ವಾರ ದಾಟಿದರೆ ಡಾಕ್ಟರಿಗೆ ಹೇಳಿ.

ನಾಮಕರಣಕ್ಕೆ ಮೊದಲು ಪಕ್ಕದ ಮನೆಗೆ ನೀವೇ ಹೋಗಿ, ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಕೂತು ಅವರ ದುಃಖ ಕೇಳಿ. ಆಮೇಲೆ ‘ಮಗುವಿಗೆ ಹೆಸರಿಡಬೇಕು ಅಂತಿದ್ದೀವಿ, ನಿಮಗೆ ಹೇಳದೆ ಮಾಡಲು ಮನಸ್ಸಾಗಲಿಲ್ಲ’ ಅನ್ನಿ. ಹೆಚ್ಚಿನವರು ಮಾಡಿ ಅಂತಲೇ ಹೇಳುತ್ತಾರೆ. ಮನೆಯವರೇ ಸೇರಿ ತೊಟ್ಟಿಲಿಗೆ ಹಾಕಿ, ದೂರದವರು ವಿಡಿಯೋ ಕಾಲ್‌ನಲ್ಲಿ ನೋಡಲಿ. ಮೈಕ್ ಸೆಟ್ ಬೇಡ.